ಬೇಲಿಯಾಚೆ ಬಿಟ್ಟ ಚೌರಿ

ಅಂಥ ಕೂದಲನ್ನು ಚಿತ್ತಮ್ಮ ಅಲ್ಲಿಯವರೆಗೆ ಕಂಡಿರಲಿಲ್ಲ!

ವೇದಾವತಿಯ ದಡದ ಬಂಡೆಯ ಮೇಲೆ ಯಾರೋ ಅವಳಿಗೆ ಬೆನ್ನು ಮಾಡಿ ಕುಳಿತಿದ್ದರು. ಹೆಗಲ ತುಂಬ ಕರಿ ಕಂಬಳಿ. ಆ ಕಂಬಳಿಯ ಮೇಲೆ ಹರಡಿದ್ದ ಕೂದಲು ಕಂಬಳಿಗಿಂತಲೂ ಕಪ್ಪು. ಬೆನ್ನು ದಾಟಿ, ಸೊಂಟ ದಾಟಿ, ಬಂಡೆಯ ಮೇಲೆ ಇಳಿದು, ಅಲ್ಲಿಂದಲೂ ಕೆಳಗೆ ತೂಗುತ್ತಿತ್ತು. ಎಳೆಬಿಸಿಲು ಬಿದ್ದಲ್ಲೆಲ್ಲ ನೀಲಿ ಮಿಂಚು. ಗಾಳಿಯಲ್ಲಿ ಸೀಗೆಕಾಯಿಯ ಘಮ...

ಚಿತ್ತಮ್ಮ ನಿಂತಲ್ಲೇ ನಿಂತಳು. ಅವಳ ಕೈ ತಾನಾಗಿಯೇ ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿತು.

'ದೇವರೇ... ಇಷ್ಟನ್ನೂ ಒಬ್ಬರಿಗೇ ಕೊಟ್ಟುಬಿಟ್ಟೆಯಾ!'

ಅವಳ ಬಗಲಿನ ಚೀಲದಲ್ಲಿ ಕಾಗದ ಸುತ್ತಿದ ಒಂದು ಚೌರಿ ಇತ್ತು. ಜಡೆಗೆ ಸೇರಿಸಿ ಹೆಣೆಯುವ, ಯಾರು ಯಾರದೋ ಕೂದಲಿನ ಉದ್ದನೆಯ ಗೊಂಚಲು. ಅದನ್ನು ಯಾರ ಕಣ್ಣಿಗೂ ಬೀಳದಂತೆ ತೊಳೆದು ಒಣಗಿಸಿಕೊಳ್ಳಲೆಂದೇ ಅವಳು ಭಾನುವಾರದ ಬೆಳಿಗ್ಗೆ ಹೊಳೆಗೆ ಬಂದಿದ್ದಳು. ಮರುದಿನ ಹಿರಿಯೂರಿನ ಹೈಸ್ಕೂಲಿನಲ್ಲಿ ಅವಳ ಕೆಲಸದ ಮೊದಲ ದಿನ.

ಗುರುತಿಲ್ಲದವರನ್ನು ತಾನಾಗಿ ಮಾತಾಡಿಸುವ ಹುಡುಗಿಯಲ್ಲ ಅವಳು. ಆದರೆ ಆ ಕೂದಲು ಅವಳ ಬಾಯಿಂದ ಮಾತು ಹೊರಡಿಸಿತು.

"ಅಕ್ಕಾ... ತಪ್ಪು ತಿಳ್ಕಬ್ಯಾಡ್ರಿ. ತಲೆಗೆ ಏನ್ ಹಚ್ಕಂತೀರಿ?"

ಆ ತಲೆ ನಿಧಾನವಾಗಿ ತಿರುಗಿತು.

ದಪ್ಪ ಮೀಸೆ!

"ಕೊ... ಕೊಬ್ಬರಿ ಎಣ್ಣೆ," ಎಂದಿತು ಮೀಸೆ, ಗಾಬರಿಯಲ್ಲೇ.

ಚಿತ್ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದಳು. ಓಡಿ ಬಂದದ್ದು ಹೆದರಿಕೆಯಿಂದಲೋ, ನಾಚಿಕೆಯಿಂದಲೋ, ಅಥವಾ ಅಷ್ಟು ಚೆಂದದ್ದೊಂದನ್ನು ಕಂಡ ಬೆರಗಿನಿಂದಲೋ... ಅವಳಿಗೇ ಗೊತ್ತಾಗಲಿಲ್ಲ.

*

ಚಿತ್ತಮ್ಮನಿಗೂ ಒಂದು ಕಾಲಕ್ಕೆ ಜಡೆಯಿತ್ತು. ಅವಳದೇ ಆದದ್ದು.

ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ತಾಯಿಯಿಲ್ಲದೆ ಬೆಳೆದವಳು ಅವಳು. ಕುರಿ ಕಾಯುತ್ತಿದ್ದ ಅಪ್ಪ ಗೊಲ್ಲಪ್ಪ ದಿನಾ ಸಂಜೆ ಬಾಗಿಲಲ್ಲಿ ಕೂರಿಸಿಕೊಂಡು ಎಣ್ಣೆ ಹಚ್ಚಿ, ಒರಟು ಬೆರಳುಗಳಲ್ಲಿ ಸಿಕ್ಕು ಬಿಡಿಸಿ ಬೆಳೆಸಿದ ಜಡೆ ಅದು. ಚಿತ್ರದುರ್ಗದ ಕಾಲೇಜಿನಲ್ಲಿ ಅವಳ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. 'ಆ ಜಡೆ ಹುಡುಗಿ' ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಮೌನ, ಊಟದ ಮನೆಯಲ್ಲಿ ಮೌನ. ಅವಳ ಬದಲಿಗೆ ಜಡೆಯೇ ಎಲ್ಲರ ಹತ್ತಿರ ಮಾತಾಡಿಬಿಡುತ್ತಿತ್ತು.

'ಇದನ್ನು ತೆಗೆದಿಟ್ಟರೆ ನಾನು ಅಂತ ಏನಾದರೂ ಉಳಿಯುತ್ತದೆಯೇ?'

ಆ ಯೋಚನೆ ಒಮ್ಮೆ ಬಂದದ್ದು ಹೋಗಲೇ ಇಲ್ಲ.

ಬಿ.ಎ. ಪರೀಕ್ಷೆ ಮುಗಿದ ಮಧ್ಯಾಹ್ನ, ಕೋಟೆಯ ಬಂಡೆಗಳು ಕಾಣುವ ಹಾಸ್ಟೆಲಿನ ಕೋಣೆಯಲ್ಲಿ, ವಾರಪತ್ರಿಕೆಯ ಬಣ್ಣದ ಪುಟವೊಂದನ್ನು ಗೆಳತಿ ಹೊನ್ನಕ್ಕನ ಮುಂದೆ ಹಿಡಿದಳು. ಪುಟದಲ್ಲಿ ಬಾಬ್ ಕಟ್ ಮಾಡಿಸಿಕೊಂಡ ಚೆಲುವೆಯೊಬ್ಬಳು ನಗುತ್ತಿದ್ದಳು.

"ಹಿಂಗೆ ಮಾಡಾಕೆ ಬರ್ತೈತಾ ನಿಂಗೆ?"

"ಯಾಕ್ ಬರಲ್ಲ? ನಮ್ಮಟ್ಟೀಲಿ ವರ್ಸಾ ವರ್ಸಾ ಕುರಿ ಉಣ್ಣೆ ಕತ್ತರ್ಸೋಳೇ ನಾನು. ನಿನ್ ತಲೆ ಯಾವ್ ಲೆಕ್ಕ! ಕುಂತ್ಕ. ಒದೀಬ್ಯಾಡ ಅಷ್ಟೆ."

ಹೊನ್ನಕ್ಕ ಕುರಿಗೆ ಕತ್ತರಿಸಿದಂತೆಯೇ ಕತ್ತರಿಸಿದಳು. ಹಿಡಿ ಹಿಡಿಯಾಗಿ, ತುಂಡು ತುಂಡಾಗಿ. ಎಡಗಡೆ ಕಿವಿಯ ತನಕ, ಬಲಗಡೆ ಕತ್ತಿನ ತನಕ. ಹಿಂದುಗಡೆ ಕೋಟೆಯ ಮೆಟ್ಟಿಲು! ಒಂದು ಕಡೆ ಸರಿಮಾಡಲು ಹೋದರೆ ಇನ್ನೊಂದು ಕಡೆ ಕೆಟ್ಟಿತು. ಕೊನೆಗೆ ಚಿತ್ತಮ್ಮ ಕನ್ನಡಿ ನೋಡಿ ಸುಮ್ಮನೆ ಕುಳಿತಳು. ಅತ್ತದ್ದು ಹೊನ್ನಕ್ಕನೇ.

"ಕುರಿಗಳು ಒಂದಿನಾನೂ ಕನ್ನಡಿ ಕೇಳಿರ್ಲಿಲ್ಲ ಕಣೇ..."

ವಾರ್ಡನ್‌ಗೆ ಹೆದರಿ ಕತ್ತರಿಸಿದ ಕೂದಲನ್ನೆಲ್ಲ ಬಾಚಿ ಬಚ್ಚಲ ಒಲೆಗೆ ಹಾಕಿದರು. ಅಪ್ಪ ಬೆಳೆಸಿದ್ದು ಒಂದು ಗಳಿಗೆಯಲ್ಲಿ ಹೊಗೆಯಾಯಿತು. ಮರುದಿನ ಹೊನ್ನಕ್ಕನೇ ಸಂತೆಪೇಟೆಯಿಂದ ಚೌರಿ ಕೊಂಡು ತಂದಳು. ಉಳಿದ ಮೋಟು ಕೂದಲನ್ನು ಎಣ್ಣೆ ಹಾಕಿ ಹಿಂದಕ್ಕೆ ಬಾಚಿ, ಕರಿ ದಾರದಿಂದ ಬಿಗಿದು, ಚೌರಿ ಸೇರಿಸಿ ಹೆಣೆದು, ಕೂಡಿದ ಜಾಗ ಕಾಣದಂತೆ ಕನಕಾಂಬರದ ದಂಡೆ ಇಟ್ಟಳು. ತುದಿಗೆ ಕುಚ್ಚು.

"ನೋಡು... ನಿಂದೇ ಅಂಗೈತೆ!"

ನನ್ನದೇ ಹಾಗೆ... ಆದರೆ ನನ್ನದಲ್ಲ. ಅಂದಿನಿಂದ ಚೌರಿ ಇಟ್ಟು ಹೊರಟರೆ ಚಿತ್ತಮ್ಮ ಓಡುತ್ತಿರಲಿಲ್ಲ, ಬಸ್ಸಿನ ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಯಾರಿಗೂ ಬೆನ್ನು ಮಾಡಿ ನಿಲ್ಲುತ್ತಿರಲಿಲ್ಲ.

*

"ಇವರು ಕಾಟಲಿಂಗಪ್ಪ. ಗಣಿತದ ಮೇಷ್ಟ್ರು," ಎಂದರು ಹೆಡ್‌ಮಾಸ್ಟರು.

ತಲೆಗೆ ಒತ್ತಾಗಿ ಸುತ್ತಿದ ಬಿಳಿ ರುಮಾಲು. ಅದರ ಕೆಳಗೆ... ಅದೇ ಮೀಸೆ!

ಅವನ ಕಿವಿ ಕೆಂಪಾಯಿತು. ಇಬ್ಬರೂ ಒಬ್ಬರ ಪಾದ ಒಬ್ಬರು ನೋಡಿಕೊಂಡು ನಮಸ್ಕಾರ ಹೇಳಿದರು.

ಸಂಜೆ ಶಾಲೆಯ ಬೇವಿನ ಮರದ ಕೆಳಗೆ ಅವನೇ ಕಾದಿದ್ದ.

"ಟೀಚರ್, ಒಂದು ಮಾತು. ಹೊಳೆ ತಾವ ಕಂಡಿದ್ದು..."

"ನಾನು ಏನೂ ಕಂಡಿಲ್ಲ ಸಾರ್."

"ಕೊಬ್ಬರಿ ಎಣ್ಣೆ ಅಂದಿದ್ದು ಕೇಳಿಸ್ತಲ್ಲ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ದನಿ ತಗ್ಗಿಸಿದ.

"ಹುಡುಗ್ರು ನಾನು ಬೋಳು ಅಂದ್ಕಂಡವ್ರೆ. ಹಂಗೇ ಅಂದ್ಕಂಡಿರ್ಲಿ. ಬೋಳು ಮೇಷ್ಟ್ರಿಗೆ ಒಂದು ಮರ್ಯಾದೆ ಐತೆ, ಜಡೆ ಮೇಷ್ಟ್ರಿಗೆ ಇಲ್ಲ. ನೀವು ಯಾರಿಗೂ..."

"ಹೇಳಲ್ಲ," ಎಂದಳು ತಕ್ಷಣ. ಗುಟ್ಟೊಂದರ ಭಾರ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು?

ಧರ್ಮಪುರದ ದಾರಿಯ ಹಟ್ಟಿಯೊಂದರವನು ಅವನು. ಹಸುಗೂಸಾಗಿದ್ದಾಗ ಜ್ವರ ಬಂದು ಕಣ್ಣು ಬಿಡದೆ ಮಲಗಿದ್ದನಂತೆ. 'ಈ ಕೂಸು ಬದುಕಲಿ. ಮದುವೆ ಗೊತ್ತಾಗುವ ದಿನದವರೆಗೂ ಇದರ ಮುಡಿಗೆ ಕತ್ತರಿ ಮುಟ್ಟಿಸುವುದಿಲ್ಲ' ಎಂದು ತಾಯಿ ಕಾಟಮ್ಮ ಹಟ್ಟಿಯ ದೇವರಿಗೆ ಹೇಳಿಕೊಂಡಳಂತೆ. ಕೂಸು ಬದುಕಿತು. ಕೂದಲು ಬೆಳೆಯಿತು.

"ಕಾಲೇಜಿನಾಗೆ ಹಿಪ್ಪಿ ಅಂದ್ರು. ಹಿಪ್ಪಿಗಳನ್ನ ಕಂಡೋರಲ್ಲ, ಆದ್ರೂ ಅಂದ್ರು. ತಲೆಗೆ ನೀರು ಹಾಕ್ಕಂಡ್ರೆ ಒಣಗಾಕೆ ಅರ್ಧ ದಿನ ಬೇಕು. ಕತ್ತು ನೋಯ್ತೈತೆ. ನಾನು ದೇವ್ರನ್ನ ನಂಬ್ತೀನೋ ಇಲ್ಲೋ ನಂಗೇ ಗೊತ್ತಿಲ್ಲ ಟೀಚರ್. ಅವ್ವ ನಂಬ್ತಾಳೆ. ಅವಳ ನಂಬಿಕೇನ ತಲೆ ಮ್ಯಾಲೆ ಹೊತ್ಕಂಡು ತಿರುಗ್ತೀನಿ, ಅಷ್ಟೆ."

ಚಿತ್ತಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ತಾಯಿಯ ಒಂದು ಮಾತಿಗಾಗಿ ಊರೆಲ್ಲದರ ನಗೆಯನ್ನು ರುಮಾಲಿನೊಳಗೆ ಕಟ್ಟಿಟ್ಟುಕೊಂಡ ಮನುಷ್ಯ! ಅವನು ಅವಳ ಕಣ್ಣೆದುರೇ ಒಂದು ಗೇಣು ಎತ್ತರವಾದಂತೆ ಅನ್ನಿಸಿತು.

ಅವನ ನೋಟ ಅವಳ ಹೆಗಲ ಮೇಲಿನಿಂದ ಮುಂದೆ ಇಳಿದ ಜಡೆಯ ಮೇಲೆ ನಿಂತಿತು.

"ನಿಮಗೆ ಅರ್ಥ ಆಗ್ತೈತೆ. ಇಂಥ ಜಡೆ ಸಾಕಿದೋರಿಗೆ ಬ್ಯಾರೆ ಹೇಳ್ಬೇಕಾ?"

ಆಗಲೇ ಹೇಳಬೇಕಿತ್ತು. ಅವನು ತನ್ನದನ್ನು ಬಿಚ್ಚಿಟ್ಟ ಆ ಗಳಿಗೆಯಲ್ಲೇ.

ಅವಳು ತಲೆ ತಗ್ಗಿಸಿದಳು. ಅವನು ಅದನ್ನು ನಾಚಿಕೆ ಎಂದುಕೊಂಡ.

*

ಪ್ರೀತಿ ಹೇಗೆ ಬಂತು? ಇಬ್ಬರೂ ಹೇಳಲಾರರು. ಅವನು ಕರಿಹಲಗೆಯ ಮೇಲೆ ಬರೆದ ಲೆಕ್ಕ ಅಳಿಸದೆ ಹೋದರೆ ಮುಂದಿನ ಪೀರಿಯಡ್ಡಿಗೆ ಬಂದ ಅವಳು ಒಂದು ನಿಮಿಷ ಅದನ್ನೇ ನೋಡುತ್ತಿದ್ದಳು. ಅವಳು ಊಟದ ಡಬ್ಬಿ ತರದ ದಿನ ಅವನ ರೊಟ್ಟಿ ಎರಡು ಭಾಗವಾಗುತ್ತಿತ್ತು. ಮಾತೇ ಆಡದ ಹುಡುಗಿ ಅವನ ಎದುರು ಮಾತ್ರ ಮಾತಾಡಿದಳು. ತನ್ನ ದನಿ ಇಷ್ಟು ಚೆನ್ನಾಗಿದೆಯೆಂದು ಅವಳಿಗೇ ತಿಳಿದಿರಲಿಲ್ಲ.

ಆದರೆ ಅವನು ಮೆಚ್ಚಿ ನೋಡಿದಾಗಲೆಲ್ಲ ಒಂದು ಮುಳ್ಳು...

'ಅವರು ನೋಡುತ್ತಿರುವುದು ನನ್ನನ್ನೋ, ಇನ್ಯಾರದೋ ಕೂದಲನ್ನೋ?'

ಬೆಳಿಗ್ಗೆ ಚೌರಿ ಬಾಚುವಾಗ ಅದರೊಳಗೆ ಒಂದು ಕೆಂಚು ಎಳೆ, ಒಂದು ಗುಂಗುರು, ಒಂದು ನರೆತ ಎಳೆ ಕಾಣುತ್ತಿದ್ದವು. ಎಷ್ಟು ಹೆಂಗಸರ ತಲೆಯಿಂದ ಬಂದದ್ದೋ! ಯಾವ ಮನೆಯ ಅಜ್ಜಿಯೋ, ಯಾವ ಬಾಣಂತಿಯೋ... ಅವರೆಲ್ಲ ಸೇರಿ ತನ್ನ ಮಾನ ಕಾಯುತ್ತಿದ್ದಾರೆ ಎನ್ನಿಸಿ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಜೊತೆಗೇ ನಾಚಿಕೆಯೂ.

ಒಂದು ದಿನ ಶಾಲೆಯ ಮುಂದಿನ ಬೀದಿಯಲ್ಲಿ ಕೂದಲು ಕೊಳ್ಳುವವಳು ಕೂಗುತ್ತಾ ಹೋದಳು.

"ಕೂದ್ಲು ಕೊಡ್ರವ್ವೋ... ಪಿನ್ನು ಸೂಜಿ ತಗಳ್ರವ್ವೋ..."

"ನಮ್ಮಟ್ಟಿಗೂ ಬರ್ತಾಳೆ," ಎಂದ ಕಾಟಲಿಂಗಪ್ಪ. "ಆದ್ರೆ ಮುಳ್ಳಿನ ಬೇಲಿ ಹೊರಗೇ ನಿಂತ್ಕಬೇಕು. ಗೊತ್ತಿಲ್ಲದೋರ ಕೂದಲು ನಮ್ಮ ಬೇಲಿ ದಾಟಂಗಿಲ್ಲ. ನಮ್ಮ ಹೆಂಗಸ್ರು ತಲೆ ಬಾಚಿ ಉದುರಿದ್ದನ್ನೂ ಮಣ್ಣಾಗೆ ಹುಗೀತಾರೆ, ಮಾರಲ್ಲ."

ಚಿತ್ತಮ್ಮ ಜಡೆಯ ಕುಚ್ಚನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. "ದಾಟಿದ್ರೆ?"

"ಒಳಗಿರೋ ಹರಕೆ ಕೆಡ್ತೈತೆ ಅಂತಾರೆ. ಅವ್ವ ನಂಗೋಸ್ಕರ ಇಷ್ಟು ವರ್ಷ ಕಾದಿದ್ದು... ಆ ಒಂದು ದಿನ ಸರಿಯಾಗಿ ಆಗ್ಬೇಕು ಟೀಚರ್. ಅವಳಿಗೆ ಬ್ಯಾರೆ ಆಸೆ ಇಲ್ಲ."

ಹೇಳಿಬಿಡಲೇ? ತುಟಿಯ ತನಕ ಬಂತು. ಅಷ್ಟರಲ್ಲಿ ಅವನೇ ಮುಂದುವರಿಸಿದ.

"ಹಾಸ್ಟೆಲಿನಾಗೆ ಒಬ್ಬ ನಾನು ಮಲಗಿದ್ದಾಗ ಕತ್ತರಿ ತಂದಿದ್ದ. ತಮಾಷೆಗೆ. ಎಚ್ಚರಾಗದಿದ್ರೆ ಅವ್ವನ ಮುಖ ಹೆಂಗೆ ನೋಡ್ತಿದ್ದೆ? ಶೋಕಿಗೆ, ತಮಾಷೆಗೆ ಕೂದಲಿಗೆ ಕತ್ತರಿ ಹಾಕೋರನ್ನ ಕಂಡ್ರೆ ಈಗ್ಲೂ ಮೈ ನಡುಗ್ತೈತೆ."

ತುಟಿಯ ತನಕ ಬಂದದ್ದು ಹಾಗೆಯೇ ಒಳಕ್ಕೆ ಹೋಯಿತು. ಶೋಕಿಗೆ ಕತ್ತರಿ ಹಾಕಿಸಿಕೊಂಡವಳು ಅವನ ಎದುರೇ ಕುಳಿತಿದ್ದಳು.

*

ದೀಪಾವಳಿಗೆ ಮುಂಚೆ ಕಾಟಮ್ಮ ಹಿರಿಯೂರಿಗೆ ಬಂದಳು. ನೇರ ಶಾಲೆಯ ಅಂಗಳಕ್ಕೇ!

"ಇದೇನಾ ನೀನು ಹೇಳಿದ್ ಹುಡ್ಗಿ?" ಎಂದು ಮಗನನ್ನು ಕೇಳಿ, ಉತ್ತರಕ್ಕೆ ಕಾಯದೆ ಚಿತ್ತಮ್ಮನ ಸುತ್ತ ಒಂದು ಸುತ್ತು ಬಂದಳು. ಜಡೆಯ ತುದಿ ಹಿಡಿದು ಅಂಗೈಯಲ್ಲಿ ತೂಗಿ ನೋಡಿದಳು.

ಒಂದೇ ಒಂದು ಜಗ್ಗು ಸಾಕು...

"ಭಾರ ಐತೆ. ನನ್ ಮಗ ಹೊತ್ತ ಭಾರ ಏನು ಅಂತ ಈ ಹುಡ್ಗಿಗೆ ತಿಳೀತೈತೆ," ಎಂದಳು ಕಾಟಮ್ಮ. ಆ ಮುದಿಗಣ್ಣುಗಳಲ್ಲಿ ನೀರಾಡಿತು. "ಜಡೆ ಹಿಡ್ದಾಗ್ಲೇ ನಂಗೆ ಮನಸ್ ಬಂತು ಕಣಪ್ಪ. ಹುಡ್ಗಿ ಅಪ್ಪನ್ನ ಕರ್ಕಂಡು ಹಟ್ಟಿಗೆ ಬರ್ಲಿ. ಅವತ್ತೇ ವೀಳ್ಯ ಬದಲಾಯ್ಸಾಣ, ಅವತ್ತೇ ನಿನ್ ಮುಡಿ ಇಳ್ಸಾಣ."

ಆ ದಿನದಿಂದ ಚಿತ್ತಮ್ಮ ಅವನನ್ನು ತಪ್ಪಿಸತೊಡಗಿದಳು. ಅವನು ಸ್ಟಾಫ್ ರೂಮಿಗೆ ಬಂದರೆ ಇವಳು ತರಗತಿಗೆ. ಅವನು ಬೇವಿನ ಮರದ ಕೆಳಗೆ ನಿಂತರೆ ಇವಳು ಹಿಂಬಾಗಿಲಿಗೆ.

ಅವನು ಕೊನೆಗೆ ದಾರಿ ಅಡ್ಡಗಟ್ಟಿ ನಿಂತ. ಮುಖ ಬಾಡಿತ್ತು.

"ಹೊಳೆ ತಾವ ಓಡಿಹೋದ್ರಲ್ಲ ಟೀಚರ್... ಇನ್ನೂ ಓಡ್ತಾನೇ ಇದೀರಾ? ನನ್ನ ಕೂದ್ಲು ಕಂಡ್ರೆ ಅಸಹ್ಯ ಅನ್ಸಿದ್ರೆ ಹೇಳ್ಬಿಡ್ರಿ. ನಂಗೆ ಅಭ್ಯಾಸ ಐತೆ. ಅವ್ವನಿಗೆ ಏನೋ ಒಂದು ಹೇಳ್ತೀನಿ."

ಅಸಹ್ಯವೇ! ಜಗತ್ತಿನಲ್ಲಿ ಅವಳು ಕಂಡ ಅತ್ಯಂತ ಚೆಲುವಾದದ್ದನ್ನು ಅವಳು ಅಸಹ್ಯಪಡುತ್ತಾಳೆಂದು ಅವನು ನೊಂದುಕೊಂಡಿದ್ದಾನೆ!

"ಇಲ್ಲ... ಹಂಗಲ್ಲ ಮೇಷ್ಟ್ರೇ," ಎಂದಳು, ಅಳು ಒತ್ತಿ ಹಿಡಿದು. "ಬರ್ತೀನಿ. ಅಪ್ಪನ್ನ ಕರ್ಕಂಡು ಬರ್ತೀನಿ."

*

ಬಸ್ಸು ಅವರಿಬ್ಬರನ್ನೂ ಇಳಿಸಿ ಧೂಳೆಬ್ಬಿಸಿ ಹೋಯಿತು. ಕಿತ್ತು ಒಟ್ಟಿದ ಕಡಲೆಕಾಯಿ ಬಳ್ಳಿಗಳ ನಡುವೆ ಅಪ್ಪ ಮಗಳು ನಡೆದರು. ಗೊಲ್ಲಪ್ಪನ ಹೆಗಲಿಗೆ ಹೊಸ ಟವೆಲ್. ಕೈಯಲ್ಲಿ ವೀಳ್ಯದೆಲೆಯ ಕಟ್ಟು. ಹೆಜ್ಜೆಯಲ್ಲಿ ಹುರುಪು.

ಹಟ್ಟಿಯ ಸುತ್ತ ಜಾಲಿ ಮುಳ್ಳಿನ ಎತ್ತರದ ಬೇಲಿ. ಒಂದೇ ಒಂದು ಬಾಗಿಲು. ಒಳಗಿನಿಂದ ಹೆಂಗಸರ ದನಿ, ಕುರಿಮರಿಗಳ ಕೂಗು.

ಚಿತ್ತಮ್ಮ ಬೇಲಿಯ ಈಚೆಗೇ ನಿಂತುಬಿಟ್ಟಳು.

'ಇನ್ನೊಂದು ಹೆಜ್ಜೆ ಇಟ್ಟರೆ ಒಬ್ಬ ತಾಯಿ ಇಷ್ಟು ವರ್ಷ ಕಾದದ್ದು ನನ್ನಿಂದ ಕೆಡುತ್ತದೆ. ಚೌರಿ ತೆಗೆದು ಒಳಗೆ ಹೋದರೆ ಅವರು ನನ್ನವರಾಗುವುದಿಲ್ಲ...'

ಅವಳು ದಂಡೆಯನ್ನು ತೆಗೆದಳು. ಒಂದೊಂದೇ ಪಿನ್ನು. ಆಮೇಲೆ ಕರಿ ದಾರ.

"ಏನ್ ಮಾಡ್ತಿದೀಯವ್ವಾ?"

ಜಡೆ ಇಡಿಯಾಗಿ ಅವಳ ಕೈಗೆ ಬಂತು.

ಗೊಲ್ಲಪ್ಪ ವೀಳ್ಯದೆಲೆಯ ಕಟ್ಟನ್ನು ನೆಲಕ್ಕಿಟ್ಟ. ಮಗಳ ತಲೆಯನ್ನು ನೋಡಿದ. ಇಷ್ಟು ತಿಂಗಳಲ್ಲಿ ಕೂದಲು ಒಂದಿಷ್ಟು ಬೆಳೆದಿತ್ತು. ಆದರೆ ಮೆಟ್ಟಿಲು ಮೆಟ್ಟಿಲಾಗಿಯೇ ಬೆಳೆದಿತ್ತು.

"ಯಾವಾಗ್ಲಿಂದ?"

"ಪರೀಕ್ಷೆ ಮುಗಿದಾಗ್ಲಿಂದ. ನಾನೇ ಕತ್ತರಿಸ್ಕಂಡೆ ಅಪ್ಪ."

"ನಂಗೂ ಹೇಳ್ಲಿಲ್ವಲ್ಲೇ..."

"ನೀನೇ ಅಲ್ವೇನಪ್ಪ ದಿನಾ ಎಣ್ಣೆ ಹಚ್ಚಿ ಬೆಳೆಸಿದ್ದು... ನಿಂಗೆ ಹೆಂಗ್ ಹೇಳ್ಲಿ?"

ಗೊಲ್ಲಪ್ಪ ವೀಳ್ಯದೆಲೆಯ ಕಟ್ಟನ್ನು ಮತ್ತೆ ಎತ್ತಿಕೊಂಡ. ಆಮೇಲೆ ಹೆಗಲ ಟವೆಲ್ ತೆಗೆದು ನೀಡಿದ.

"ಹೊದ್ಕ. ವಾಪಸ್ ಹೋಗಾಣ. ಬಸ್ಸು ತಿರುಗಿ ಬರೋ ಹೊತ್ತಾತು."

"ಇಲ್ಲಪ್ಪ. ಹಿಂಗೇ ಓಡಿಹೋದ್ರೆ ಅವರ ಕೂದ್ಲು ಕಂಡು ಅಸಹ್ಯಪಟ್ಟೆ ಅಂತ ಸಾಯೋಗಂಟ ಅಂದ್ಕಂತಾರೆ. ಅದಾಗ್ಬಾರ್ದು."

ಚೌರಿಯನ್ನು ಕರವಸ್ತ್ರದಲ್ಲಿ ಸುತ್ತಿ ಹೊರಗಿನ ಗಿಡವೊಂದರ ಕೊಂಬೆಗೆ ಸಿಕ್ಕಿಸಿದಳು. ಕತ್ತಿನ ಮೇಲೆ ಗಾಳಿ ಆಡಿತು. ಸೆರಗು ಕೂಡ ಹೊದೆಯದೆ, ಅಪ್ಪನ ಮುಂದೆ ನಡೆದು, ಅವಳು ಬೇಲಿ ದಾಟಿದಳು.

*

ಹುಲ್ಲು ಹೊದಿಸಿದ ಪುಟ್ಟ ಗುಡಿಯ ಮುಂದೆ ಕಂಬಳಿ ಹಾಸಿ ಕಾಟಲಿಂಗಪ್ಪನನ್ನು ಕೂರಿಸಿದ್ದರು. ರುಮಾಲಿಲ್ಲ. ಕೂದಲು ಬಿಚ್ಚಿ ಹರಡಿತ್ತು. ಪಕ್ಕದಲ್ಲಿ ಅವನ ಸೋದರಮಾವ ಜುಂಜಣ್ಣ ಕತ್ತರಿ ಹಿಡಿದು ನಿಂತಿದ್ದ.

ಎಲ್ಲರ ಕಣ್ಣೂ ಚಿತ್ತಮ್ಮನ ಮೇಲೆ ಬಿತ್ತು. ಪದ ಹಾಡುತ್ತಿದ್ದವರು ನಿಲ್ಲಿಸಿದರು.

'ಬೈಯಿರಿ... ಹೊರಗೆ ಹಾಕಿ... ಬೇಗ ಮುಗಿಯಲಿ,' ಎಂದು ಅವಳು ಕಣ್ಣು ಮುಚ್ಚಿದಳು.

"ಮುಡಿ..." ಎಂದಿತು ಒಂದು ನಡುಗುವ ದನಿ. ಹಟ್ಟಿಯ ಹಿರಿಯಳು ತಿಪ್ಪಮ್ಮ ಕೋಲೂರಿ ಎದ್ದಿದ್ದಳು. "ಈ ಹುಡ್ಗಿ ಮುಡಿ ಕೊಟ್ಟು ಬಂದವ್ಳೆ!"

"ಏನಜ್ಜೀ?"

"ಕಣ್ ಬಿಟ್ಟು ನೋಡ್ರೇ! ಗಂಡನ್ ಪ್ರಾಣ ಉಳೀಲಿ ಅಂತ ನಮ್ಮತ್ತೆ ಕೊಟ್ಟಿದ್ಲು. ಉಣ್ಣೆ ಕತ್ತರೀಲಿ, ಕನ್ನಡಿ ನೋಡ್ದಂಗೆ, ಹಿಂಗೇ ಮೆಟ್ಲು ಮೆಟ್ಲಾಗಿ! ಆಮ್ಯಾಕೆ ಈ ಹಟ್ಟೀಲಿ ಯಾವ ಹೆಂಗ್ಸೂ ಕೊಟ್ಟಿಲ್ಲ. ಗಂಡು ಮುಡಿ ಇಳಿಸೋ ದಿನ ತಾನೂ ಇಳಿಸಿ ಬಂದವ್ಳಲ್ಲೇ ತಾಯಿ..."

ಹೆಂಗಸರ ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದು, ಅದು ಪದವಾಯಿತು. ಒಬ್ಬಳಲ್ಲ, ಎಲ್ಲರೂ ದನಿ ಕೂಡಿಸಿದರು. ಚಿಕ್ಕವರು ಹಿಂದೆ ಸರಿದು ದಾರಿ ಬಿಟ್ಟರು. ಯಾರೋ ಅವಳ ಪಾದಕ್ಕೆ ನೀರು ಹಾಕಿದರು.

ಚಿತ್ತಮ್ಮ ಕಣ್ಣು ಬಿಟ್ಟಳು. ಮುಗಿದ ಕೈಗಳು... ತುಂಬಿದ ಕಣ್ಣುಗಳು... ಅವಳ ಜೀವಮಾನದಲ್ಲಿ ಅವಳನ್ನು ಯಾರೂ ಹೀಗೆ ನೋಡಿರಲಿಲ್ಲ. ಜಡೆ ಇದ್ದಾಗಲೂ!

ಕಾಟಲಿಂಗಪ್ಪ ಕಂಬಳಿಯ ಮೇಲಿಂದ ಅರ್ಧ ಎದ್ದಿದ್ದ. "ನನಗೋಸ್ಕರ... ಟೀಚರ್?" ಅವನ ಮೀಸೆ ಅದುರುತ್ತಿತ್ತು.

'ಸುಮ್ಮನಿರು ಚಿತ್ತಮ್ಮ,' ಎಂದಿತು ಒಳಗಿನ ದನಿ. 'ನೀನು ಸುಳ್ಳು ಹೇಳಬೇಕಾಗಿಯೂ ಇಲ್ಲ. ಬರೀ ಸುಮ್ಮನಿರು. ಹುಟ್ಟಿದಾಗಿನಿಂದ ನಿನಗೆ ಬರುವುದು ಅದೊಂದೇ ತಾನೆ? ಎಲ್ಲವೂ ನಿನ್ನದಾಗುತ್ತದೆ...'

ಕಾಟಮ್ಮ ಹತ್ತಿರ ಬಂದಳು. ಬಂದವಳು ಬಾಗಿದಳು. ಆ ಮುದುಕಿಯ ಕೈ ಅವಳ ಪಾದದ ಕಡೆಗೆ...

"ಬ್ಯಾಡ ಅತ್ತೇ!"

ಚಿತ್ತಮ್ಮ ಆ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ದನಿ ಇಡೀ ಹಟ್ಟಿಗೆ ಕೇಳಿಸಿತು.

"ನಾನು ಯಾವ ದೇವ್ರಿಗೂ ಮುಡಿ ಕೊಟ್ಟಿಲ್ಲ. ಹಾಸ್ಟೆಲಿನಾಗೆ ಗೆಳತಿ ಹತ್ರ ಕತ್ತರಿಸ್ಕಂಡೆ. ಪೇಪರಿನಾಗಿನ ಚಿತ್ರ ನೋಡಿ, ಶೋಕಿಗೆ. ಕೆಟ್ಟೋಯ್ತು. ಅಷ್ಟೆ."

ಪದ ನಿಂತಿತು.

"ಮತ್ತೆ... ನಾನು ಕೈಯಾಗೆ ಹಿಡ್ದಿದ್ ಜಡೆ?" ಎಂದಳು ಕಾಟಮ್ಮ.

"ಚೌರಿ. ಯಾರ್ಯಾರದೋ ಕೂದ್ಲು. ಬೇಲಿ ದಾಟ್ಸಿಲ್ಲ ಅತ್ತೆ, ಹೊರಗೇ ಬಿಟ್ಟು ಬಂದಿದೀನಿ."

"ಅಯ್ಯೋ ನಮ್ಮವ್ವ!" ಎಂದಿತು ಯಾವುದೋ ದನಿ.

ಜುಂಜಣ್ಣ ಕತ್ತರಿಯನ್ನೇ ಗೊಲ್ಲಪ್ಪನ ಕಡೆ ಚಾಚಿದ. "ಏನಪ್ಪ, ಚೌರಿ ತೋರ್ಸಿ ಹೆಣ್ಣು ಕೊಡಾಕ್ ಬಂದಿದ್ಯಾ?"

"ನಂಗೂ ಈಗ ಬೇಲಿ ತಾವ್ಲೇ ಗೊತ್ತಾಗಿದ್ದು," ಎಂದ ಗೊಲ್ಲಪ್ಪ, ಮಗಳ ಪಕ್ಕಕ್ಕೆ ಬಂದು ನಿಂತು. "ಆದ್ರೂ ಮಗಳು ನಂದು. ಬೈಯೋದಿದ್ರೆ ನಂಗೆ ಬೈ."

ಕಾಟಮ್ಮ ಇನ್ನೂ ಚಿತ್ತಮ್ಮನ ಮುಖವನ್ನೇ ನೋಡುತ್ತಿದ್ದಳು.

"ಸುಮ್ಕಿದ್ದಿದ್ರೆ ನಿನ್ನ ಸಾಯೋಗಂಟ ದೇವ್ರಂಗೆ ನೋಡ್ಕಂತಿದ್ನಲ್ಲೇ..."

"ದೇವ್ರಾಗಿ ಇರಾಕೆ ಬರಲ್ಲ ಅತ್ತೆ ನಂಗೆ. ಸೊಸೆಯಾಗಿ ಆದ್ರೆ..." ಮುಂದಿನ ಮಾತು ಬಿಕ್ಕಳಿಕೆಯಾಯಿತು.

ಕಾಟಮ್ಮ ಕೈ ಬಿಡಿಸಿಕೊಂಡಳು. ಎರಡು ಹೆಜ್ಜೆ ಹೋದಳು. ಮತ್ತೆ ತಿರುಗಿದಳು.

"ನಂಗೆ ಸಿಟ್ ಬಂದೈತೆ. ಇಳಿಯೋಗಂಟ ನನ್ನ ಮಾತಾಡಿಸ್ಬ್ಯಾಡ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಲೇ ಯಾರಾದ್ರೂ ಆ ಹುಡ್ಗಿಗೆ ನೀರು ಕೊಡ್ರೇ! ತುಟಿ ಒಣಗೈತೆ, ಕಾಣಾಕಿಲ್ವಾ? ಬೇಲಿ ಹೊರಗೆ ಬಿಟ್ಟು ಬಂದವ್ಳಂತೆ... ಅಷ್ಟಾದ್ರೂ ಬುದ್ಧಿ ಐತಲ್ಲ!"

ತಿಪ್ಪಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನಾನೇ ಹಾಡು ಶುರು ಮಾಡಿಸ್ಬಿಟ್ಟೆ ಕಣವ್ವ. ನಿಂದೇನ್ ತಪ್ಪು? ಬಾ, ಕುಂತ್ಕ."

ಆದರೆ ಚಿತ್ತಮ್ಮ ನೋಡುತ್ತಿದ್ದದ್ದು ಒಬ್ಬನನ್ನೇ. ಶೋಕಿಗೆ ಕತ್ತರಿ ಹಾಕುವವರನ್ನು ಕಂಡರೆ ಮೈ ನಡುಗುತ್ತದೆ ಎಂದವನು...

"ಶುರು ಮಾಡ್ಲೇನೋ?" ಎಂದ ಜುಂಜಣ್ಣ.

"ತಡೀ ಮಾವ." ಕಾಟಲಿಂಗಪ್ಪ ಕಂಬಳಿಯ ಅಂಚನ್ನು ತಟ್ಟಿದ. "ಟೀಚರ್... ಇಲ್ಲಿ ಬರ್ರಿ. ಕುಂತ್ಕಳ್ರಿ."

ಅವಳು ಬಂದು ಕುಳಿತಳು. ತಲೆ ಎತ್ತಲಿಲ್ಲ.

"ಸಿಟ್ಟಾ ಮೇಷ್ಟ್ರೇ?"

"ಇತ್ತು. ನೀವು ಅವ್ವನ ಕೈ ಹಿಡ್ಕಂಡ್ರಲ್ಲ, ಆಗ ಎಲ್ಲೋ ಹೋತು." ಅವನು ದನಿ ತಗ್ಗಿಸಿದ. "ಒಂದು ಹೇಳ್ಲಾ? ಬೆಳಿಗ್ಗೆಯಿಂದ ನಂಗೆ ಭಯ. ಇದನ್ನ ಯಾವಾಗ ಇಳಿಸ್ತೀನೋ ಅಂತ ಕಾದೋನಿಗೆ, ಈಗ ಇದಿಲ್ದೆ ನಾನ್ಯಾರು ಅಂತ ಭಯ. ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ನಿಮಗೊಬ್ಬರಿಗೇ ಗೊತ್ತು."

ಚಿತ್ತಮ್ಮ ತಲೆ ಎತ್ತಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಬೆನ್ನ ಮೇಲೆ, ಹೆಗಲ ಮೇಲೆ ನೋಡಲು ಬೇರೇನೂ ಇರಲಿಲ್ಲ. ಆದರೂ ಆ ಕಣ್ಣುಗಳಲ್ಲಿದ್ದದ್ದು... ಬೆರಗು!

"ಮೊದಲ ದಿನ ಹೆಂಗಿರ್ತೈತೆ?" ಎಂದು ಕೇಳಿದ.

"ತಲೆ ತೀರಾ ಹಗುರ ಆಗ್ತೈತೆ. ಗಾಳಿಗೆ ಹಾರಿ ಹೋಗ್ತೀನೇನೋ ಅನ್ಸ್ತೈತೆ."

"ಆಮ್ಯಾಲೆ?"

"ರಾತ್ರಿ ದೀಪ ಆರಿಸಿದ್ ಮ್ಯಾಲೆ ಅಳು ಬರ್ತೈತೆ."

"ಆಮ್ಯಾಲೆ?"

"ಪಕ್ಕದಲ್ಲಿ ಯಾರಾದ್ರೂ ಇರ್ಬೇಕಿತ್ತು ಅನ್ಸ್ತೈತೆ... ಆ ಹೊತ್ನಾಗೆ ನಂಗೆ ಯಾರೂ ಇರ್ಲಿಲ್ಲ."

ಅವನು ಕೈ ಚಾಚಿದ. ಹಟ್ಟಿಯೆಲ್ಲ ನೋಡುತ್ತಿದ್ದರೂ ಅವಳು ಆ ಕೈಯನ್ನು ಹಿಡಿದಳು.

"ಇರ್ತೀಯಾ?"

"ಇರ್ತೀನಿ."

ಕಾಟಲಿಂಗಪ್ಪ ಕಣ್ಣು ಮುಚ್ಚಿ ತಲೆ ಬಾಗಿಸಿದ. "ಈಗ ಕತ್ತರ್ಸು ಮಾವ."